ಬಾಲಿಕಾ ಪಾಠಶಾಲೆಯೂ ಸಹಶಿಕ್ಷಣವೂ

ಮೈಸೂರಿನ ಅಗ್ರಹಾರದಲ್ಲಿ ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸಬೇಕೇ ಬೇಡವೇ ಎಂಬ ವಾದವು ಅಡಗಿ ಎಷ್ಟೋ ತಲೆಮಾರುಗಳು ಸಂದಿವೆ. ಈಗ ಆ ಭಾಗದ ತಂದೆತಾಯಿಗಳು, ವಾಣಿವಿಲಾಸ ಮಾರುಕಟ್ಟೆಯಲ್ಲಿ ತರಕಾರಿ ಕೊಳ್ಳುವಾಗಲೂ, ನೂರೊಂದು ಗಣಪತಿಯ ಗುಡಿಯಲ್ಲಿ ಪ್ರದಕ್ಷಿಣೆ ಮುಗಿಸಿ ನಿಂತಾಗಲೂ, ಶಾಲೆಯ ಮೇಲುಸ್ತುವಾರಿ ಸಮಿತಿಯ ಸಭೆಗೆ ಬಂದು ಕುಳಿತಾಗಲೂ ಎತ್ತಿಕೊಳ್ಳುವ ಪ್ರಶ್ನೆ ಬೇರೆಯದು: ಬಾಲಕಿಯರಿಗೆಂದೇ ನಡೆದುಬಂದ ಶಾಲೆಗೆ ಇನ್ನು ಮುಂದೆ ಗಂಡುಮಕ್ಕಳನ್ನೂ ಸೇರಿಸಿಕೊಳ್ಳಬಹುದೇ? ಬೆಂಗಳೂರಿನಲ್ಲಿ 1948ರಿಂದ ಹೆಣ್ಣುಮಕ್ಕಳಿಗಾಗಿಯೇ ನಡೆದ ಮೌಂಟ್ ಕಾರ್ಮೆಲ್ ಕಾಲೇಜು 2024ರಲ್ಲಿ ತನ್ನ ಪದವಿ ತರಗತಿಗಳನ್ನು ಗಂಡುಮಕ್ಕಳಿಗೂ ತೆರೆದ ಮೇಲಂತೂ, ಇದು ಎಲ್ಲೋ ದೂರದ ಊರಿನ ಪ್ರಶ್ನೆಯೆಂದು ಯಾರೂ ಹೇಳುವಂತಿಲ್ಲ.

ಬೇಡವೆನ್ನುವವರ ಮಾತು ಬಹುಮಟ್ಟಿಗೆ ಭಯದಿಂದ ಹುಟ್ಟಿದ್ದು. ಹದಿಮೂರು ಹದಿನಾಲ್ಕರ ಪ್ರಾಯ, ಕೈಗೆಟುಕುವ ಮೊಬೈಲು, ಬೀದಿಯವರ ನಾಲಗೆ, ನೆಂಟರ ಕಣ್ಣು, ಇವೆಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡು, "ದೊಡ್ಡವಳಾದಳು, ಹೆಣ್ಣುಮಕ್ಕಳ ಶಾಲೆಯಾದರೆ ಕಳಿಸುತ್ತೇವೆ, ಇಲ್ಲದಿದ್ದರೆ ಮನೆಯಲ್ಲಿರಲಿ" ಎನ್ನುವ ತಾಯಿಯು ಮಗಳ ಓದಿಗೆ ಶತ್ರುವೇನಲ್ಲ. ಆ ಓದನ್ನು ತನಗೆ ತಿಳಿದ ಒಂದೇ ದಾರಿಯಲ್ಲಿ ಕಾಪಾಡುತ್ತಿರುವವಳು. ಬೇಕೆನ್ನುವವರ ಮಾತಿನಲ್ಲಿಯೂ ಸತ್ಯವುಂಟು. ನಾಳೆ ಕಾಲೇಜಿನಲ್ಲಿ, ಕಚೇರಿಯಲ್ಲಿ, ಆಸ್ಪತ್ರೆಯಲ್ಲಿ ಗಂಡಸರ ಜೊತೆಯಲ್ಲಿಯೇ ದುಡಿಯಬೇಕಾದವಳನ್ನು ಹತ್ತು ವರ್ಷ ಬೇರೆಯಾಗಿ ಇರಿಸಿ ಸಾಧಿಸುವುದೇನು ಎಂದು ಅವರು ಕೇಳುತ್ತಾರೆ; ಅಣ್ಣನಿಗೊಂದು ಶಾಲೆ, ತಂಗಿಗೊಂದು ಶಾಲೆಯಾದರೆ ಬೆಳಗಿನ ಹೊತ್ತು ಇಬ್ಬರನ್ನೂ ಬಿಟ್ಟು ಕೆಲಸಕ್ಕೆ ಹೋಗುವುದು ಹೇಗೆ ಎಂದು ಕೇಳುತ್ತಾರೆ; ಮಕ್ಕಳ ಸಂಖ್ಯೆ ಇಳಿಯುತ್ತಿರುವ ಶಾಲೆ ಮುಚ್ಚಿಹೋಗುವುದಕ್ಕಿಂತ ಗಂಡುಮಕ್ಕಳಿಂದಲಾದರೂ ತುಂಬಲಿ ಎನ್ನುತ್ತಾರೆ. ಎಸ್‌ಎಸ್‌ಎಲ್‌ಸಿ ಫಲಿತಾಂಶವನ್ನು ಎರಡು ಪಕ್ಷದವರೂ ತಮ್ಮ ಸಾಕ್ಷಿಗೆ ಕರೆಯುವುದುಂಟು; ಆದರೆ ನಮ್ಮ ರಾಜ್ಯದಲ್ಲಿ ಬೆರೆತ ಶಾಲೆಗಳಲ್ಲಿ ಓದಿದ ಹುಡುಗಿಯರೂ ಪ್ರತ್ಯೇಕ ಶಾಲೆಗಳಲ್ಲಿ ಓದಿದ ಹುಡುಗಿಯರೂ ಕೂಡಿ ವರ್ಷವರ್ಷವೂ ಹುಡುಗರಿಗಿಂತ ಮುಂದೆ ಬರುತ್ತಿರುವಾಗ, ಅಂಕಪಟ್ಟಿಯಿಂದ ಈ ವ್ಯಾಜ್ಯ ತೀರುವುದಿಲ್ಲ.

ಈ ಎರಡು ಪಕ್ಷಗಳನ್ನೂ ಕೇಳುತ್ತ ಕುಳಿತವನಿಗೆ ಒಂದು ಸಂಗತಿ ಕಾಣದೆ ಇರದು. ಇಬ್ಬರೂ ಹುಡುಗಿಯನ್ನೇ ಕುರಿತು ಮಾತನಾಡುತ್ತಾರೆ: ಅವಳು ಕೆಡುವಳೇ, ಬೆಳೆಯುವಳೇ, ಹೆದರುವಳೇ, ಧೈರ್ಯ ಕಲಿಯುವಳೇ ಎಂದು. ಅವಳ ಪಕ್ಕದ ಬೆಂಚಿನಲ್ಲಿ ಬಂದು ಕೂರಲಿರುವ ಹುಡುಗನಿಗೆ ಈ ವ್ಯವಸ್ಥೆಯಿಂದ ಏನಾಗಬೇಕು, ಅವನ ಶಿಕ್ಷಣದಲ್ಲಿ ಇದುವರೆಗೆ ಯಾವುದು ಕೊರತೆಯಾಗಿತ್ತು ಎಂದು ಕೇಳುವವರಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಶ್ನೆಯ ಕೀಲಿರುವುದು ಅಲ್ಲಿಯೇ.

ಪ್ರತ್ಯೇಕ ಶಾಲೆ ಹೇಗೆ ಹುಟ್ಟಿತೆಂಬುದನ್ನು ನೆನೆದರೆ ವಿಚಾರಕ್ಕೆ ಹದ ಬರುತ್ತದೆ. 1881ರ ಮಾರ್ಚಿನಲ್ಲಿ ಮೈಸೂರು ಸಂಸ್ಥಾನವು ಐವತ್ತು ವರ್ಷಗಳ ಬ್ರಿಟಿಷ್ ಆಡಳಿತ ಮುಗಿದು ಚಾಮರಾಜೇಂದ್ರ ಒಡೆಯರ ಕೈಗೆ ಮರಳಿತು. ಅದೇ ವರ್ಷ, ಅಂಬಳೆ ನರಸಿಂಹ ಅಯ್ಯಂಗಾರ್ಯರ ಪ್ರಯತ್ನದಿಂದಲೂ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಆಶ್ರಯದಿಂದಲೂ ಮಹಾರಾಣಿಯವರ ಬಾಲಿಕಾ ಪಾಠಶಾಲೆ ಆರಂಭವಾಯಿತು. ಹೆಣ್ಣು ಅಕ್ಷರ ಕಲಿತರೆ ಮನೆಗೆ ಅಮಂಗಳವೆಂದು ನಂಬಿದ್ದ ಆಚಾರವಂತರ ಮನೆಗಳಿಂದ ಹುಡುಗಿಯರನ್ನು ಹೊರಗೆ ಕರೆತರಬೇಕಾಗಿದ್ದ ಆ ಕಾಲದಲ್ಲಿ, ಪ್ರತ್ಯೇಕ ಶಾಲೆಯೆಂಬುದು ಎರಡು ಮಾರ್ಗಗಳಲ್ಲಿ ಆಯ್ದುಕೊಂಡ ಒಂದಾಗಿರಲಿಲ್ಲ. ಅದನ್ನು ಬಿಟ್ಟರೆ ಶಾಲೆಯೇ ಇರುತ್ತಿರಲಿಲ್ಲ. ಚಾಮರಾಜೇಂದ್ರ ಒಡೆಯರು ಕಾಲವಾದ ಮೇಲೆ, 1895ರಿಂದ 1902ರವರೆಗೆ, ಆ ಮಹಾರಾಣಿಯವರೇ ರೀಜೆಂಟರಾಗಿ ಸಂಸ್ಥಾನವನ್ನು ಆಳಿದರೆಂಬುದನ್ನೂ ಇಲ್ಲಿ ನೆನೆಯಬೇಕು. ಶಾಲೆಯು ಬೆಳೆದು ಮಹಾರಾಣಿಯವರ ಕಾಲೇಜಾಯಿತು.

ಮುಂದೆ 1916ನೆಯ ಇಸವಿಯಲ್ಲಿ ನಮ್ಮ ದೇಶವು ಸ್ತ್ರೀಯರ ಉನ್ನತ ವಿದ್ಯೆಯ ಪ್ರಶ್ನೆಗೆ ಎರಡು ಉತ್ತರಗಳನ್ನು ಕೊಟ್ಟಿತು. ಪುಣೆಯಲ್ಲಿ ಧೋಂಡೋ ಕೇಶವ ಕರ್ವೆಯವರು ಸ್ಥಾಪಿಸಿದ ಮಹಿಳಾ ವಿಶ್ವವಿದ್ಯಾನಿಲಯವು ಸ್ತ್ರೀಯರಿಗೆ ಹೊಂದುವ ಪಾಠಕ್ರಮವನ್ನೂ ದೇಶಭಾಷೆಯ ಬೋಧನೆಯನ್ನೂ ಮುಂದಿಟ್ಟುಕೊಂಡು ನಡೆಯಿತು. ಅದೇ ವರ್ಷ ಜನ್ಮವೆತ್ತಿದ ಮೈಸೂರು ವಿಶ್ವವಿದ್ಯಾನಿಲಯವಾದರೋ, ಮಹಾರಾಣಿಯವರ ಕಾಲೇಜನ್ನು ತನ್ನ ಒಂದು ಅಂಗವಾಗಿ ಇರಿಸಿಕೊಂಡು, ಕುಳಿತು ಕಲಿಯುವ ಕೊಠಡಿ ಬೇರೆಯಾದರೂ ಬರೆಯುವ ಪರೀಕ್ಷೆಯೂ ಪಡೆಯುವ ಪದವಿಯೂ ಒಂದೇ ಎಂಬ ದಾರಿಯನ್ನು ಹಿಡಿಯಿತು. ಕರ್ವೆಯವರ ತಪಸ್ಸು ದೊಡ್ಡದು. ಆದರೂ ಮೈಸೂರು ಹಿಡಿದ ದಾರಿಯೇ ಹೆಚ್ಚು ನ್ಯಾಯವಾದದ್ದೆಂದು ನನಗೆ ತೋರುತ್ತದೆ. ಹುಡುಗಿಯರಿಗೊಂದು ಹುಡುಗರಿಗೊಂದು ಪಾಠಕ್ರಮ ಇರಕೂಡದೆಂದು ಹಂಸಾ ಮೆಹ್ತಾ ಅವರ ಸಮಿತಿಯು 1960ರ ದಶಕದ ಮೊದಲಲ್ಲಿ ಶಿಫಾರಸು ಮಾಡುವುದಕ್ಕೆ ಎಷ್ಟೋ ಮುಂಚೆಯೇ, ಪ್ರತ್ಯೇಕ ಗೋಡೆಗಳ ನಡುವೆ ಸಮಾನವಾದ ವಿದ್ಯೆ ಸಾಧ್ಯವೆಂದು ಈ ಊರು ತೋರಿಸಿಕೊಟ್ಟಿತ್ತು.

ಹಾಗೆಂದು ಪ್ರತ್ಯೇಕ ಆವರಣವೊಂದೇ ಸಾಕೆಂದು ನಾನು ಹೇಳಲಾರೆ. ಇದೇ ಮೈಸೂರಿನ ಅರಮನೆಯಲ್ಲಿ, ಹದಿನೇಳನೆಯ ಶತಮಾನದ ಕೊನೆಯಲ್ಲಿ, ಚಿಕ್ಕದೇವರಾಜ ಒಡೆಯರ ರಾಣಿಯ ತಾಂಬೂಲದ ಸಂಚಿಯನ್ನು ಹಿಡಿಯುವ ಊಳಿಗದಲ್ಲಿದ್ದ ಹೊನ್ನಮ್ಮ ಅಂತಃಪುರದ ಸನ್ನಿಧಿಯಲ್ಲಿ ಕಾವ್ಯಶಕ್ತಿಯನ್ನು ಬೆಳೆಸಿಕೊಂಡು ಸಾಂಗತ್ಯದಲ್ಲಿ 'ಹದಿಬದೆಯ ಧರ್ಮ'ವನ್ನು ರಚಿಸಿದಳು. ಹೆಂಗಸರ ನಡುವಿನ ಆಶ್ರಯ ಅವಳಿಗೆ ಬಿಡುವನ್ನೂ ಕೇಳುವ ಕಿವಿಗಳನ್ನೂ ಕೊಟ್ಟಿತು, ಧ್ವನಿಯನ್ನು ಹೊರಡಿಸಿತು. ಆದರೆ ಆ ಧ್ವನಿ ಹಾಡಿದ ಮುಖ್ಯ ವಸ್ತು ಪತಿವ್ರತೆಯ ಧರ್ಮವಾಗಿಯೇ ಉಳಿಯಿತು. ಹೊರಗಿನ ಲೋಕ ಗೊತ್ತುಮಾಡಿದ ಗಡಿಯನ್ನು ಆವರಣದ ಗೋಡೆ ತಾನಾಗಿ ಅಳಿಸಲಾರದು. ಹುಡುಗಿಯರ ಶಾಲೆಯೂ ಹಾಗೆಯೇ, ಹೊಲಿಗೆಯನ್ನೂ ರಂಗವಲ್ಲಿಯನ್ನೂ ಸೌಮ್ಯವಾದ ನಡೆಯನ್ನೂ ಕಲಿಸಿ ಕೃತಾರ್ಥವಾದರೆ, ಅದು ಅಂತಃಪುರದ ಇನ್ನೊಂದು ರೂಪವಾಗಿ ಬಿಡುತ್ತದೆ.

ಬೆರೆತ ಸಭೆಯ ಉದಾಹರಣೆಯೂ ನಮ್ಮಲ್ಲಿಯೇ ಇದೆ. ಕಲ್ಯಾಣದ ಅನುಭವಮಂಟಪಕ್ಕೆ ಅಕ್ಕಮಹಾದೇವಿ ಬಂದು ನಿಂತ ಪ್ರಸಂಗವನ್ನು 'ಶೂನ್ಯಸಂಪಾದನೆ' ಚಿತ್ರಿಸುವ ಬಗೆಯನ್ನು ಓದುವಾಗಲೆಲ್ಲ ಒಂದು ವ್ಯತ್ಯಾಸ ನನ್ನನ್ನು ತಡೆದು ನಿಲ್ಲಿಸುತ್ತದೆ. ಅಲ್ಲಮಪ್ರಭು ಸೊನ್ನಲಿಗೆಯ ಸಿದ್ಧರಾಮನನ್ನೂ ಪರೀಕ್ಷಿಸಿದನು. ಆದರೆ ಅವನಲ್ಲಿ ಕೇಳಿದ್ದು ಅವನು ಕಟ್ಟಿಸುತ್ತಿದ್ದ ಕೆರೆಗಳನ್ನೂ ಗುಡಿಗಳನ್ನೂ ಕುರಿತು. ಅಕ್ಕನಲ್ಲಿ ಕೇಳಿದ್ದು ಅವಳ ಗಂಡನಾರೆಂದು, ಸೀರೆಯನ್ನು ಬಿಟ್ಟವಳು ಕೂದಲಿನಿಂದ ಮೈಯನ್ನು ಮರೆಮಾಡಿಕೊಂಡದ್ದೇಕೆಂದು. ಅವಳು ಉತ್ತರಿಸಿದಳು, ಗೆದ್ದಳು, ಸಭೆಯೇ ಅವಳಿಗೆ ತಲೆಬಾಗಿತು; ಇದು ಆ ಸಭೆಯ ಘನತೆಯೂ ಹೌದು. ಆದರೆ ಗಂಡು ಹೆಣ್ಣು ಕೂಡಿದ ಸಭೆಯೊಳಕ್ಕೆ ಕಾಲಿಡುವಾಗ ಪ್ರವೇಶದ ಬೆಲೆಯನ್ನು ಯಾರು ತೆರಬೇಕಾಯಿತು, ಯಾವುದರ ಲೆಕ್ಕ ಒಪ್ಪಿಸಬೇಕಾಯಿತು ಎಂಬುದನ್ನು ನಾವು ಮರೆಯಬಾರದು. ಎಲ್ಲ ಹುಡುಗಿಯರೂ ಅಕ್ಕಮಹಾದೇವಿಯರಾಗಿರಬೇಕೆಂದು ನಿರೀಕ್ಷಿಸುವ ವ್ಯವಸ್ಥೆ ಶಾಲೆಯ ವ್ಯವಸ್ಥೆಯಲ್ಲ.

ಇಂದಿನ ಬೆರೆತ ಶಾಲೆಗಳಲ್ಲಿ ಆ ಬೆಲೆ ಸಣ್ಣ ಸಣ್ಣ ನಾಣ್ಯಗಳಲ್ಲಿ ವಸೂಲಾಗುತ್ತದೆ. ವಿಜ್ಞಾನದ ಪ್ರಯೋಗದಲ್ಲಿ ಉಪಕರಣ ಹಿಡಿಯುವವನು ಹುಡುಗ, ಪಕ್ಕದಲ್ಲಿ ನಿಂತು ಅಳತೆಯನ್ನು ಬರೆದುಕೊಳ್ಳುವವಳು ಹುಡುಗಿ. ಗಂಟೆ ಬಾರಿಸುವುದಕ್ಕೂ ಬೆಂಚು ಹೊರುವುದಕ್ಕೂ ಅವನನ್ನು ಕರೆಯುತ್ತಾರೆ. ಅತಿಥಿ ಬಂದರೆ ಆರತಿಯ ತಟ್ಟೆಗೂ ಸ್ವಾಗತಗೀತೆಗೂ ಅವಳನ್ನು ಕರೆಯುತ್ತಾರೆ. ಸಂಜೆಯ ಆಟದ ಹೊತ್ತಿನಲ್ಲಿ ಮೈದಾನವೆಲ್ಲ ಕ್ರಿಕೆಟ್ಟಿನ ವಶವಾಗಿ, ಥ್ರೋಬಾಲಿನ ಬಲೆ ಗೋಡೆಯ ಅಂಚಿಗೆ ಸರಿಯುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇರಬೇಕಾಗಿಲ್ಲ. ಮನೆಯಲ್ಲಿ ನಡೆದುಬಂದ ವಾಡಿಕೆ ಶಾಲೆಯೊಳಕ್ಕೆ ತಾನಾಗಿ ನಡೆದುಬರುತ್ತದೆ. ಬಾಲಕಿಯರ ಶಾಲೆಯಲ್ಲಿ, ಅದು ಎಷ್ಟೇ ಬಡವಾದ ಶಾಲೆಯಾಗಿರಲಿ, ಈ ವಾಡಿಕೆಗೆ ಹಿಡಿಯುವುದಕ್ಕೆ ಆಸರೆಯೇ ಸಿಕ್ಕುವುದಿಲ್ಲ. ಅಲ್ಲಿ ಬೆಂಚು ಹೊರುವವಳೂ ಅವಳೇ, ಬ್ಯಾಟರಿಗೆ ತಂತಿ ಜೋಡಿಸುವವಳೂ ಅವಳೇ, ಶಾಲಾ ಸಂಸತ್ತಿನ ಪ್ರಧಾನಮಂತ್ರಿಯೂ ಅವಳೇ, ಮೈದಾನದ ನಡುವೆ ನಿಂತು ಕೂಗಾಡುವವಳೂ ಅವಳೇ. ಭಯಪಡುವ ತಾಯಿ ಈ ಶಾಲೆಯನ್ನು ಹುಡುಗರಿಂದ ಮಗಳನ್ನು ಮರೆಮಾಡುವ ಗೋಡೆಯೆಂದು ತಿಳಿದು ಕಾಪಾಡಲು ಬಯಸುತ್ತಾಳೆ. ಮಗಳಿಗೆ ಅಲ್ಲಿ ದೊರೆಯುತ್ತಿರುವುದು ಅದಕ್ಕಿಂತ ಎಷ್ಟೋ ದೊಡ್ಡದು.

ಸಹಶಿಕ್ಷಣದ ಅವಶ್ಯಕತೆ ಹಾಗಾದರೆ ಯಾರಿಗೆ? ಮೇರಿ ವುಲ್ಸ್‌ಟನ್‌ಕ್ರಾಫ್ಟ್ 1792ರಲ್ಲಿಯೇ, ಸ್ತ್ರೀಯರ ಹಕ್ಕನ್ನು ಪ್ರತಿಪಾದಿಸಿದ ತನ್ನ ಗ್ರಂಥದಲ್ಲಿ, ಗಂಡು ಹೆಣ್ಣು ಮಕ್ಕಳು ಒಟ್ಟಿಗೆ ಓದುವ ಸಾರ್ವಜನಿಕ ಶಾಲೆಗಳಿರಬೇಕೆಂದು ವಾದಿಸಿದಾಗ, ಅದರಿಂದ ಇಬ್ಬರ ಶೀಲವೂ ತಿದ್ದೀತೆಂದು ನಂಬಿದ್ದಳು. ಆ ನಂಬಿಕೆಯ ಒಂದು ಭಾಗವನ್ನು ನಾನು ಇನ್ನೂ ಒತ್ತಿ ಹೇಳಬಯಸುತ್ತೇನೆ. ಗಣಿತದಲ್ಲಿ ತನ್ನನ್ನು ಸೋಲಿಸಿದ ಸಹಪಾಠಿಯೊಬ್ಬಳನ್ನು ಹನ್ನೆರಡನೆಯ ವಯಸ್ಸಿನಲ್ಲಿ ಕಂಡು, ಆ ಸೋಲನ್ನು ಸಹಜವಾಗಿ ನುಂಗಿಕೊಂಡು, ಮರುದಿನ ಅವಳಿಂದಲೇ ಲೆಕ್ಕ ಹೇಳಿಸಿಕೊಂಡ ಹುಡುಗನು ಮುಂದೆ ಗಂಡನಾಗಿ, ಮೇಲಧಿಕಾರಿಯಾಗಿ, ಬಸ್ಸಿನ ಸಹಪ್ರಯಾಣಿಕನಾಗಿ ಬೇರೆ ಮನುಷ್ಯನಾಗುತ್ತಾನೆ. ಹೆಣ್ಣು ಎಂದರೆ ತಾಯಿ, ಅಕ್ಕತಂಗಿ, ಇಲ್ಲವೇ ಹಾಡಿನ ನಾಯಿಕೆ, ಈ ಮೂರೇ ಬಗೆ ಎಂದು ತಿಳಿದು ಬೆಳೆದವನಿಗೆ ನಾಲ್ಕನೆಯದಾದ ಸಮಾನಳೆಂಬ ಸಂಬಂಧವನ್ನು ಕಲಿಸುವುದಕ್ಕೆ ಶಾಲೆಯ ಬೆಂಚಿಗಿಂತ ಒಳ್ಳೆಯ ಜಾಗವಿಲ್ಲ. ಆದುದರಿಂದ ಸಹಶಿಕ್ಷಣವು ಒಳ್ಳೆಯದೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಅದರಿಂದ ಹೆಚ್ಚಿನ ಲಾಭ ಗಂಡುಮಕ್ಕಳಿಗಾಗುವುದಾದರೆ, ಅದರ ಖರ್ಚನ್ನು ಹುಡುಗಿಯರಿಗೆ ಉಳಿದಿರುವ ಒಂದೇ ಆವರಣದಿಂದ ಭರಿಸುವುದು ಯಾವ ನ್ಯಾಯ?

ನ್ಯಾಯವಾದ ಕ್ರಮ ಬೇರೊಂದಿದೆ. ಅದಕ್ಕೆ ದೃಷ್ಟಾಂತವೂ ಇದೆ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯ ಸ್ತ್ರೀಯರಿಗೆ ಪೂರ್ಣ ಪದವಿ ಕೊಟ್ಟದ್ದು 1948ರಲ್ಲಿ, ಮೈಸೂರಿಗಿಂತ ಎಷ್ಟೋ ತಡವಾಗಿ. ಅಲ್ಲಿ ಕಾಲೇಜುಗಳು ಬೆರೆಯತೊಡಗಿದಾಗ ಮೊದಲು ಬಾಗಿಲು ತೆರೆದದ್ದು ಪುರುಷರ ಕಾಲೇಜುಗಳು: ಚರ್ಚಿಲ್, ಕ್ಲೇರ್, ಕಿಂಗ್ಸ್ ಎಂಬ ಮೂರು 1972ರಲ್ಲಿ ಹೆಣ್ಣುಮಕ್ಕಳನ್ನು ಸೇರಿಸಿಕೊಂಡವು. 1869ರಲ್ಲಿ ಸ್ತ್ರೀಯರಿಗಾಗಿಯೇ ಸ್ಥಾಪಿತವಾದ ಗರ್ಟನ್ ಕಾಲೇಜು ಪದವಿ ತರಗತಿಗಳಿಗೆ ಪುರುಷರನ್ನು ಸೇರಿಸಿಕೊಂಡದ್ದು ಆ ದಶಕದ ಕೊನೆಯಲ್ಲಿ. ನ್ಯೂನಮ್ ಕಾಲೇಜು ಇಂದಿಗೂ ಸ್ತ್ರೀಯರದಾಗಿಯೇ ಉಳಿದಿದೆ. ಮೊದಲು ಪುರುಷರ ಮನೆಯ ಬಾಗಿಲು, ಅನಂತರ, ಬೇಕೆನಿಸಿದರೆ, ಸ್ತ್ರೀಯರ ಮನೆಯದು. ಅಗ್ರಹಾರದಲ್ಲಿ ಸಭೆ ಸೇರುವ ತಂದೆತಾಯಿಗಳು ಈ ಕ್ರಮವನ್ನು ಕುರಿತು ಚಿಂತಿಸಬೇಕೆಂದು ನನ್ನ ಪ್ರಾರ್ಥನೆ. ಹುಡುಗರೇ ತುಂಬಿರುವ, ಅಥವಾ ಹೆಸರಿಗೆ ಮಾತ್ರ ಬೆರೆತಿರುವ ಶಾಲೆಗಳಲ್ಲಿ ಹುಡುಗಿಯರಿಗೆ ಶೌಚಾಲಯ, ಮೈದಾನದ ಪಾಲು, ಉಪಾಧ್ಯಾಯಿನಿಯರ ಸಂಖ್ಯೆ, ಇವೆಲ್ಲ ಸರಿಯಾಗಿವೆಯೇ ಎಂದು ಅವರು ಮೊದಲು ಕೇಳಲಿ.

ಇದಕ್ಕೆ ಬರುವ ಬಲವಾದ ಆಕ್ಷೇಪವನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಭಯಪಡುವ ಮನೆಗಳಿಗಾಗಿ ಪ್ರತ್ಯೇಕ ಶಾಲೆಯನ್ನು ಉಳಿಸಿದಷ್ಟು ಕಾಲ ಆ ಭಯಕ್ಕೆ ನಾವೇ ನೀರೆರೆದಂತಾಗುವುದಿಲ್ಲವೇ ಎಂಬುದು ಆ ಆಕ್ಷೇಪ. ಆಗುತ್ತದೆ, ಒಂದು ಮಟ್ಟಿಗೆ. ಆದರೆ ತತ್ತ್ವಕ್ಕಾಗಿ ಶಾಲೆಯನ್ನು ಬೆರೆಸಿದ ಮರುವರ್ಷ ಎಂಟನೆಯ ತರಗತಿಯಿಂದ ಹಿಂದೆಗೆಯಲ್ಪಟ್ಟು ಮದುವೆಯ ಮಾತಿಗೆ ಕುಳಿತ ಹುಡುಗಿಗೆ, ಆ ತತ್ತ್ವದ ಸೊಗಸನ್ನು ವಿವರಿಸಿ ಹೇಳುವ ಧೈರ್ಯ ನನಗಿಲ್ಲ. ಭಯ ಕರಗುವುದು ಓದಿದ ಹೆಣ್ಣುಮಕ್ಕಳಿಂದ. ಓದುವುದಕ್ಕೆ ಮುಂಚೆಯೇ ಅದು ಕರಗಿರಬೇಕೆಂದು ಹಟ ಹಿಡಿದರೆ ಎರಡೂ ಕೈಗೂಡುವುದಿಲ್ಲ. 2004ರಲ್ಲಿ ಆರಂಭವಾದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು, ಶಾಲೆಯಿಂದ ಹೊರಗುಳಿದಿದ್ದ ಬಡ ಮನೆಗಳ ಹುಡುಗಿಯರಿಗೆ ವಸತಿಸಹಿತವಾದ ಪ್ರತ್ಯೇಕ ಶಾಲೆಗಳನ್ನು ಒದಗಿಸಿದ್ದರ ಹಿಂದೆ ಈ ತಿಳಿವಳಿಕೆಯೇ ಇದೆ.

ಇನ್ನು ಸಂಖ್ಯೆಯ ವಾದ. ಇದನ್ನು ನಾನು ಎಲ್ಲಕ್ಕಿಂತ ಹೆಚ್ಚು ಅಂಜಿಕೆಯಿಂದ ನೋಡುತ್ತೇನೆ. ಇದೇ ಭಾಗದ ನಾರಾಯಣಶಾಸ್ತ್ರಿ ರಸ್ತೆಯಲ್ಲಿ ನಡೆಯುತ್ತಿದ್ದ ಮಹಾರಾಣಿ ಎನ್.ಟಿ.ಎಂ. ಶಾಲೆಯನ್ನು ಕುರಿತು, ಶಾಲೆಯೇ ಉಳಿಯಬೇಕೆಂಬ ಕನ್ನಡಪರರಿಗೂ ಸ್ವಾಮಿ ವಿವೇಕಾನಂದರ ಸ್ಮಾರಕ ಏಳಬೇಕೆಂಬವರಿಗೂ ವರ್ಷಗಟ್ಟಲೆ ವಿವಾದ ನಡೆದು, 2022ರ ಮೊದಲ ತಿಂಗಳುಗಳಲ್ಲಿ ಆ ಹಳೆಯ ಕಟ್ಟಡ ನೆಲಕ್ಕುರುಳಿತು. ಆ ವಿವಾದದ ಧರ್ಮಾಧರ್ಮಗಳನ್ನು ಇಲ್ಲಿ ವಿಚಾರಿಸುವುದಿಲ್ಲ. ಅದು ಸಹಶಿಕ್ಷಣದ ವಿವಾದವೂ ಅಲ್ಲ. ಆದರೆ ಮಕ್ಕಳು ಕಡಮೆಯಾದ ಶಾಲೆಯು ತನ್ನ ನೆಲದ ಮೇಲಿನ ಹಕ್ಕನ್ನು ಸಮರ್ಥಿಸಿಕೊಳ್ಳಲು ಎಷ್ಟು ದುರ್ಬಲವಾಗುತ್ತದೆಂಬುದನ್ನು ಅದು ಅಗ್ರಹಾರದ ಜನಕ್ಕೆ ಕಣ್ಣಾರೆ ತೋರಿಸಿತು. ಗಂಡುಮಕ್ಕಳನ್ನು ಸೇರಿಸಿಯಾದರೂ ಶಾಲೆ ಉಳಿಯಲಿ ಎನ್ನುವವರ ಕಳವಳ ನನಗೆ ಅರ್ಥವಾಗುವುದು ಆ ನೆನಪಿನಿಂದ. ಆದರೂ ಕೇಳಬೇಕು: ಬಾಲಕಿಯರ ಶಾಲೆಯೊಂದರಲ್ಲಿ ಹುಡುಗಿಯರು ಕಡಮೆಯಾದದ್ದು ಅದು ಹುಡುಗಿಯರ ಶಾಲೆಯಾಗಿದ್ದುದರಿಂದಲೋ, ಇಂಗ್ಲಿಷ್ ಮಾಧ್ಯಮದ ಹಂಬಲದಿಂದ ತಂದೆತಾಯಿಗಳು ಬೇರೆಡೆಗೆ ತಿರುಗಿದ್ದರಿಂದಲೋ, ಅಧ್ಯಾಪಕರ ಜಾಗಗಳು ಖಾಲಿ ಉಳಿದುದರಿಂದಲೋ? ಕಾರಣ ಕೊನೆಯ ಎರಡಾದರೆ, ಗಂಡುಮಕ್ಕಳೂ ಅಲ್ಲಿಗೆ ಬರುವುದಿಲ್ಲ, ಬಂದವರೂ ಉಳಿಯುವುದಿಲ್ಲ, ಅಷ್ಟರಲ್ಲಿ ಶಾಲೆ ತನ್ನ ಗುಣವನ್ನು ಮಾತ್ರ ಕಳೆದುಕೊಂಡಿರುತ್ತದೆ.

ಎಲ್ಲವನ್ನೂ ವಿಚಾರಿಸಿದ ಮೇಲೂ ಬೆರೆಸುವುದೇ ಸರಿಯೆಂದು ಒಂದು ಶಾಲೆಯ ಪೋಷಕರು ನಿಶ್ಚಯಿಸಬಹುದು. ಅವರ ಹಕ್ಕು ಅದು. ಆಗ ಕೆಳಗಿನ ತರಗತಿಗಳಿಂದ ಆರಂಭಿಸಿ ವರ್ಷಕ್ಕೊಂದು ತರಗತಿಯಂತೆ ಮೇಲಕ್ಕೆ ಏರಲಿ, ಹತ್ತನೆಯ ತರಗತಿಯಲ್ಲಿ ಏಕಾಏಕಿ ಹೊಸ ಹುಡುಗರನ್ನು ತಂದು ಕೂರಿಸುವುದು ಬೇಡ. ಮುಖ್ಯೋಪಾಧ್ಯಾಯಿನಿಯ ಸ್ಥಾನವೂ ವಿದ್ಯಾರ್ಥಿ ನಾಯಕತ್ವವೂ ಕೆಲವು ವರ್ಷಗಳವರೆಗಾದರೂ ಹೆಣ್ಣುಮಕ್ಕಳಲ್ಲಿಯೇ ಉಳಿಯಲಿ. ಮೈದಾನದ ವೇಳಾಪಟ್ಟಿಯನ್ನು ಬರೆದು ಗೋಡೆಗೆ ಹಚ್ಚಲಿ. ಇವೆಲ್ಲಕ್ಕಿಂತ ಮೊದಲು, ಸಭೆ ಕರೆಯುವ ದಿನಕ್ಕಿಂತ ಹಿಂದಿನ ವಾರ, ಎಂಟನೆಯ ಮತ್ತು ಒಂಬತ್ತನೆಯ ತರಗತಿಗಳ ಹುಡುಗಿಯರನ್ನು ತಂದೆತಾಯಿಗಳ ಮುಖ ಕಾಣದ ಕೊಠಡಿಯಲ್ಲಿ ಕೂರಿಸಿ, ಹೆಸರು ಬರೆಯದ ಚೀಟಿಯಲ್ಲಿ ಅವರ ಅಭಿಪ್ರಾಯವನ್ನು ಕೇಳಲಿ. ಆ ಚೀಟಿಗಳನ್ನು ಸಭೆಯಲ್ಲಿ ಪೋಷಕರು ಬಾಯಿ ತೆರೆಯುವುದಕ್ಕೆ ಮೊದಲೇ ಗಟ್ಟಿಯಾಗಿ ಓದಲಿ.