ನಾಲ್ಕರಲ್ಲಿ ಒಂದು

ಮುಧೋಳದ ನಾಯಿಮರಿಯನ್ನು ಕೊಳ್ಳಬಂದವನು ಅದರ ತಾಯಿಯನ್ನು ನೋಡುತ್ತಾನೆ, ತಂದೆಯನ್ನು ವಿಚಾರಿಸುತ್ತಾನೆ. ಘೋರ್ಪಡೆ ಅರಸರು ಪೋಷಿಸಿದ, 2005ರಲ್ಲಿ ಅಂಚೆಚೀಟಿಯ ಮೇಲೂ ಮೂಡಿದ ತಳಿ ಅದು. ಆದರೆ ಮನೆಯ ಹುಡುಗಿಗೆ ವರನನ್ನು ಗೊತ್ತುಮಾಡುವಾಗ, ಸೋದರಮಾವನಿದ್ದರೆ ಸಾಕು, ಎಷ್ಟೋ ಮನೆಗಳಲ್ಲಿ ಬೇರೆ ವಿಚಾರಣೆಯೇ ಇಲ್ಲ. ಹೊಲ ಹೊರಗೆ ಹೋಗದು, ಹುಡುಗಿ ಅಜ್ಜಿಯ ಮಡಿಲಿಗೇ ಸೇರುತ್ತಾಳೆ. ಈ ಕಾರಣಗಳನ್ನು ನಾನು ಹಗುರಾಗಿ ಕಾಣಲಾರೆ. 1955ರ ಹಿಂದೂ ವಿವಾಹ ಕಾಯಿದೆಯೂ ರೂಢಿಯಿದ್ದಲ್ಲಿ ಇದಕ್ಕೆ ಎಡೆಗೊಟ್ಟಿದೆ.

ಆದರೂ ಒಂದು ಲೆಕ್ಕವಿದೆ. ಹುಟ್ಟುಕಿವುಡಿನ ಕೆಲವು ಬಗೆಗಳಂಥ ದೋಷವೊಂದು ಅಜ್ಜಿಯಲ್ಲಿ ಹೊರಗೆ ಕಾಣದೆ ಅಡಗಿದೆಯೆನ್ನೋಣ. ಅದು ಮಗನಿಗೆ ಇಳಿಯುವ ಸಂಭವ ಎರಡರಲ್ಲಿ ಒಂದು. ಮಗಳ ಮಗಳಿಗೆ ನಾಲ್ಕರಲ್ಲಿ ಒಂದು. ಇವರಿಬ್ಬರಲ್ಲಿಯೂ ಅದು ಇರುವ ಸಂಭವ ಎಂಟರಲ್ಲಿ ಒಂದು. ಇಬ್ಬರಲ್ಲಿಯೂ ಇದ್ದರೆ ಪ್ರತಿ ಮಗುವಿನಲ್ಲಿ ದೋಷ ಹೊರಬೀಳುವ ಸಂಭವ ನಾಲ್ಕರಲ್ಲಿ ಒಂದು. ಗುಣಿಸಿದರೆ, ಮದುವೆಗೆ ಮುಂಚೆ, ಮೂವತ್ತೆರಡರಲ್ಲಿ ಒಂದು. ಅತ್ತೆಯ ಮಗ, ಮಾವನ ಮಗಳು ಕೂಡಿದರೆ ಇದರ ಅರ್ಧ.

ಮೂವತ್ತೊಂದು ಪಾಲು ಕ್ಷೇಮವಲ್ಲವೇ ಎಂದು ಕೇಳಬಹುದು. ನಿಜ. ಆದರೆ ಹೊಲದ ಲಾಭ ಹಿರಿಯರದು, ಗಂಡಾಂತರ ಇನ್ನೂ ಹುಟ್ಟದ ಕೂಸಿನದು. ಒಬ್ಬರ ಅನುಕೂಲಕ್ಕೆ ಇನ್ನೊಬ್ಬರನ್ನು ಪಣಕ್ಕಿಡುವಾಗ ಲೆಕ್ಕವನ್ನಾದರೂ ತಿಳಿದಿರಬೇಡವೇ?

ಮೆಂಡಲ್ 1866ರಲ್ಲಿ ಪ್ರಕಟಿಸಿದ ಬರಹದಲ್ಲಿ 5,474 ದುಂಡು ಬಟಾಣಿ, 1,850 ಸುಕ್ಕು ಬಟಾಣಿ ಇವೆ, ಸುಮಾರು ಮೂರಕ್ಕೊಂದು. ಸಾವಿರಾರು ಕಾಳುಗಳಲ್ಲಿ ನಿಯಮ ಕಾಣಿಸುತ್ತದೆ. ಮನೆಯಲ್ಲಿ ಹುಟ್ಟುವವು ಒಂದೆರಡು ಮಕ್ಕಳು. ಮೊದಲನೆಯದು ಕಿವುಡಾಯಿತೆಂದು ಮುಂದಿನ ಮೂರು ಪಾರಾಗುವುದಿಲ್ಲ. ಹಿಂದಿನ ಕವಡೆ ಹೇಗೆ ಬಿದ್ದಿತೆಂಬುದು ಮುಂದಿನ ಕವಡೆಗೆ ತಿಳಿಯದು.

ಕೂಸು ಹುಟ್ಟಿದ ಮೇಲೆ ಬೇರೊಂದು ಅನ್ಯಾಯ ತೊಡಗುತ್ತದೆ. ಜಮಖಂಡಿಯಾಗಲಿ ಬೀಳಗಿಯಾಗಲಿ, ಬೆರಳು ತಿರುಗುವುದು ತಾಯಿಯ ಕಡೆಗೇ. ರಬಕವಿ-ಬನಹಟ್ಟಿಯ ನೇಕಾರರನ್ನು ಕೇಳಿರಿ: ಬರಿಯ ಹಾಸಿನಿಂದ ಸೀರೆಯಾಗದು, ಹೊಕ್ಕೂ ಬೇಕು. ಇಂಥ ದೋಷ ಹೊರಬೀಳಬೇಕಾದರೆ ತಂದೆಯಿಂದಲೂ ತಾಯಿಯಿಂದಲೂ ಸಮನಾಗಿ ಬರಬೇಕು. ನೆಂಟಸ್ತಿಕೆಯಿಲ್ಲದ ದಂಪತಿಗಳಲ್ಲಿಯೂ ಹೀಗಾಗುವುದುಂಟು. ತಾವು ಹೊತ್ತಿದ್ದೇವೆಂಬುದೇ ತಿಳಿಯದಿದ್ದ ಇಬ್ಬರಲ್ಲಿ ಒಬ್ಬರನ್ನು ಮಾತ್ರ ದೂರುವುದಕ್ಕೆ ಈ ಗಣಿತದಲ್ಲಿ ಆಧಾರವಿಲ್ಲ.

ಆದ್ದರಿಂದ ನನಗೆ ತೋರುವುದಿಷ್ಟು: ಸಂಭವವನ್ನು ಲಗ್ನಪತ್ರಿಕೆ ಬರೆಯುವ ಮೊದಲು ವೈದ್ಯರ ಬಳಿ ಕೇಳಬೇಕು. ತೊಟ್ಟಿಲು ಕಟ್ಟಿದ ಮೇಲೆ ಅದನ್ನು ಯಾರ ಮೇಲೂ ಎತ್ತಬಾರದು. ಆಗ ಮನೆಯಲ್ಲಿರುವುದು ನಾಲ್ಕರಲ್ಲಿ ಒಂದಲ್ಲ. ಎತ್ತಿಕೊಳ್ಳಲೆಂದು ಕೈಚಾಚಿದ ಇಡಿಯ ಮಗು.