ನೀರಿಳಿಯುವ ಅಂಗಳ

2022ರ ‘ಕಾಂತಾರ’ ಸಿನಿಮಾ ನೋಡಿದವರೆಲ್ಲ ಉಡುಪಿ ಜಿಲ್ಲೆಯ ಕೆರಾಡಿಯನ್ನು ಪರದೆಯ ಮೇಲೆ ಕಂಡಿದ್ದಾರೆ. ಕಾಡು, ಗದ್ದೆ, ಮಣ್ಣಿನ ಅಂಗಳ. ಈ ಕಡೆಯ ಊರುಗಳಲ್ಲಿ ಅಂಥ ಅಂಗಳ ಈಗ ಅಪರೂಪವಾಗುತ್ತಿದೆ. ಮನೆಯೆದುರು ಇಂಟರ್‌ಲಾಕ್, ತೋಟದ ದಾರಿಗೆ ಕಾಂಕ್ರೀಟ್. ರಾಡಿ ತಪ್ಪಿತು, ವಯಸ್ಸಾದವರು ಜಾರಿ ಬೀಳುವುದು ಕಡಿಮೆಯಾಯಿತು. ಅದು ಬೇಡ ಎನ್ನಲು ನನಗೂ ಮನಸ್ಸಿಲ್ಲ. ಆದರೆ ಬಿದ್ದ ಮಳೆ ನಿಲ್ಲದೆ ತೋಡು ಹಿಡಿಯುತ್ತದೆ.

ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಿಲ್ಲೆಯಿದು. 100 ಚದರ ಮೀಟರಿನ ಅಂಗಳಕ್ಕೆ ಬೀಳುವ ನೀರೇ 4 ಲಕ್ಷ ಲೀಟರ್. ಹಾಗಿದ್ದೂ ಮೇ ತಿಂಗಳಲ್ಲಿ ಎಷ್ಟೋ ಬಾವಿಗಳಲ್ಲಿ ಕೊಡಪಾನ ಮುಳುಗುವುದಿಲ್ಲ.

ಇದಕ್ಕೊಂದು ದಾರಿ ನೀರಿಳಿಯುವ ಕಾಂಕ್ರೀಟ್. ಇದರಲ್ಲಿ ಮರಳು ಇಲ್ಲವೆನ್ನುವಷ್ಟು ಕಡಿಮೆ. ಪಾಕ ಹಾಕಿ ಕಟ್ಟಿದ ಅರಳುಂಡೆಯಂತೆ, ಒಂದೇ ಗಾತ್ರದ ಜಲ್ಲಿ ಸಿಮೆಂಟಿನ ತೆಳು ಲೇಪದಿಂದ ಒಂದಕ್ಕೊಂದು ಅಂಟಿರುತ್ತದೆ. ನಡುವೆ ನೂರಕ್ಕೆ 15ರಿಂದ 25 ಪಾಲು ಬರೀ ಸಂದು. ನೀರು ಅದರಲ್ಲಿ ಇಳಿದು, ಕೆಳಗಿನ ಜಲ್ಲಿ ಹಾಸು ದಾಟಿ ನೆಲ ಸೇರುತ್ತದೆ. ಸಂದು ಹೆಚ್ಚಿದಷ್ಟೂ ಬಲ ಕಡಿಮೆ. ಅಂಚು ಉದುರುತ್ತದೆ, ಬಿರುಕು ಬಿಡುತ್ತದೆ. ನಾರಿನ ಕೆಲಸ ಇಲ್ಲಿದೆ. ಸಣ್ಣಗೆ ಕತ್ತರಿಸಿ ಸ್ವಲ್ಪವೇ ಬೆರೆಸಿದ ತೆಂಗಿನ ನಾರು, ಅಡಿಕೆ ಸಿಪ್ಪೆಯ ನಾರು ಬಿರುಕು ಹಬ್ಬದಂತೆ ಹಿಡಿಯುತ್ತವೆ.

ಹಣ್ಣಡಿಕೆಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಿಪ್ಪೆಯೇ. ಬಚ್ಚಲೊಲೆಗೆ, ಹಟ್ಟಿಯ ಹೊಗೆಗೆ, ಮರದ ಬುಡಕ್ಕೆ ಹೋಗಿಯೂ ತೋಟದ ಮೂಲೆಯಲ್ಲಿ ರಾಶಿ ಉಳಿಯುತ್ತದೆ. ಹಾಗೆಂದು ಹಸಿ ಸಿಪ್ಪೆಯನ್ನು ತಂದು ಸುರಿಯುವಂತಿಲ್ಲ. ಅದರ ಒಗರು, ಸಕ್ಕರೆಯ ಅಂಶ ಸಿಮೆಂಟು ಗಟ್ಟಿಯಾಗುವುದನ್ನು ತಡೆಯುತ್ತದೆ. ಸಿಮೆಂಟಿನ ಕ್ಷಾರ ತಿರುಗಿ ನಾರನ್ನೇ ತಿನ್ನುತ್ತದೆ. ನೆನೆಸಿ, ತೊಳೆದು, ತೆಳುವಾದ ಕಾಸ್ಟಿಕ್ ಸೋಡಾ ನೀರಿನಲ್ಲಿ ಹದ ಮಾಡಿದರೆ ತಾಳಿಕೆ ಹೆಚ್ಚುತ್ತದೆ. ಎಷ್ಟು ಮಳೆಗಾಲ ಎನ್ನುವುದನ್ನು ನಮ್ಮ ನೆಲದಲ್ಲೇ ಹಾಕಿ ನೋಡಬೇಕು. ರಸ್ತೆಗೆ ನಾರು ಹೊಸತೇನಲ್ಲ: ಗ್ರಾಮ ಸಡಕ್ ಯೋಜನೆಯಡಿ ರಸ್ತೆಯ ತಳಕ್ಕೆ ತೆಂಗಿನ ನಾರಿನ ಬಲೆ ಹಾಸಲು 2020ರಲ್ಲೇ ಒಪ್ಪಿಗೆ ಸಿಕ್ಕಿದೆ.

ಮರದ ದಿಮ್ಮಿಯ ಲಾರಿ ಓಡುವ ದಾರಿಗೆ ಈ ಕಾಂಕ್ರೀಟ್ ಸಲ್ಲದು. ಹಟ್ಟಿಯ ಪಕ್ಕಕ್ಕಂತೂ ಬೇಡವೇ ಬೇಡ, ಗಂಜಲ ಬಾವಿಗಿಳಿದೀತು. ಇದರ ದೊಡ್ಡ ಶತ್ರು ನಮ್ಮ ಕೆಂಪು ಮಣ್ಣು. ಮೇಲಿನ ದರೆಯಿಂದ ಕೊಚ್ಚಿ ಬಂದರೆ ಸಂದುಗಳೆಲ್ಲ ಮುಚ್ಚಿ, ಇದೂ ಮಾಮೂಲಿ ಕಾಂಕ್ರೀಟೇ ಆಗುತ್ತದೆ. ವರ್ಷಕ್ಕೊಮ್ಮೆಯಾದರೂ ಜೋರು ನೀರು ಹಾಯಿಸಿ ತೊಳೆಯುವ ಹೊಣೆಯನ್ನು ಯಾರಾದರೂ ಹೊರಬೇಕು.

ಶಾಲೆಯ ಅಂಗಳ, ಅಂಗನವಾಡಿಯ ಎದುರು, ದೇವಸ್ಥಾನದಲ್ಲಿ ಬೈಕು ನಿಲ್ಲಿಸುವ ಜಾಗ ಇದಕ್ಕೆ ತಕ್ಕವು. ಪಂಚಾಯತ್ ಮುಂದಿನ ಕಾಮಗಾರಿಯಲ್ಲಿ ಅಂಥ ಒಂದೇ ಒಂದು ಅಂಗಳವನ್ನು ಹೀಗೆ ಮಾಡಿಸಲಿ. ಪಕ್ಕದ ಬಾವಿಯ ನೀರಿನ ಮಟ್ಟವನ್ನು ಶಾಲೆಯ ಮಕ್ಕಳೇ ವಾರಕ್ಕೊಮ್ಮೆ ಅಳೆದು ಬರೆದಿಡಲಿ, ಮೇ ಕೊನೆಯವರೆಗೂ.