ಗದ್ದಲದ ಊರಿನ ಸಣ್ಣ ನಡುಕ

ಭೂಕಂಪ ಅಳೆಯುವವರಿಗೆ ನಗರ ಕಂಡರಾಗದು. ಬಸ್ಸು, ಲಾರಿ, ಮೆಟ್ರೊ, ಪೈಲಿಂಗ್ ಯಂತ್ರ ಎಲ್ಲವೂ ನೆಲವನ್ನು ಅಲುಗಿಸುತ್ತಲೇ ಇರುತ್ತವೆ. ಪುಟ್ಟ ಕಂಪನ ಅದರಲ್ಲಿ ಮುಳುಗಿಹೋಗುತ್ತದೆ. ಅದಕ್ಕೇ ಕಂಪನಮಾಪಕಗಳನ್ನು ಊರಾಚೆ, ಗಟ್ಟಿ ಬಂಡೆಯ ಮೇಲೆ ಕೂರಿಸುವುದು ರೂಢಿ. ದೂರದೇಶಗಳ ನೆಲದಡಿಯ ಅಣುಪರೀಕ್ಷೆಗಳ ಸುಳಿವು ಹಿಡಿಯಲೆಂದು 1965ರಲ್ಲಿ ಬ್ರಿಟನ್ನಿನ ನೆರವಿನೊಂದಿಗೆ ನಮ್ಮ ಗೌರಿಬಿದನೂರಿನಲ್ಲಿ 20 ಮಾಪಕಗಳನ್ನು ‘ಎಲ್’ ಆಕಾರದಲ್ಲಿ ಹರಡಿದ್ದು ಇಂಥದೇ ನಿಶ್ಶಬ್ದ ನೆಲದಲ್ಲಿ.

ಆದರೆ ನೆಲದಡಿಯ ಬಿರುಕುಗಳು, ಅಂದರೆ ಸ್ತರಭಂಗಗಳು, ಊರು ತಪ್ಪಿಸಿಕೊಂಡು ಹೋಗುವುದಿಲ್ಲವಲ್ಲ. ಲಾಸ್ ಏಂಜಲೀಸ್ ಪಕ್ಕದ ಲಾಂಗ್ ಬೀಚ್ ನಗರದ ಅಡಿಯಲ್ಲೇ ನ್ಯೂಪೋರ್ಟ್–ಇಂಗಲ್‌ವುಡ್ ಸ್ತರಭಂಗ ಹಾದುಹೋಗಿದೆ. 1933ರ ಮಾರ್ಚ್ 10ರ ಸಂಜೆ ಅದು 6.4 ತೀವ್ರತೆಯಲ್ಲಿ ಸರಿದಾಗ ಸುಮಾರು 120 ಮಂದಿ ಸತ್ತರು. ಹತ್ತಾರು ಶಾಲಾ ಕಟ್ಟಡಗಳು ಉರುಳಿದವು. ಮಕ್ಕಳು ಆ ಹೊತ್ತಿಗೆ ಮನೆ ಸೇರಿದ್ದರು, ಪುಣ್ಯ. ಶಾಲಾ ಕಟ್ಟಡ ಹೇಗಿರಬೇಕೆಂಬ ಕಾನೂನು ಒಂದೇ ತಿಂಗಳಲ್ಲಿ ಬಂತು.

ಅಂಥ ನೆಲದ ಸಣ್ಣ ಅಲುಗಾಟ ಯಾರಿಗೆ ಬೇಕು? ತೀವ್ರತೆ ಒಂದಂಕಿ ಇಳಿದಂತೆ ಕಂಪನಗಳ ಸಂಖ್ಯೆ ಸುಮಾರು ಹತ್ತು ಪಟ್ಟು ಏರುತ್ತದೆ. ದೊಡ್ಡದಕ್ಕಾಗಿ ನೂರು ವರ್ಷ ಕಾಯುವ ಬದಲು ಚಿಕ್ಕವನ್ನು ಹಿಡಿದರೆ ಬಿರುಕು ಎಲ್ಲೆಲ್ಲಿ ಹಾದಿದೆ, ಎಷ್ಟು ಆಳಕ್ಕಿಳಿದಿದೆ ಎಂಬ ನಕ್ಷೆ ಬೇಗ ಸಿಗುತ್ತದೆ.

2011ರಲ್ಲಿ ಆ ಅವಕಾಶ ಒದಗಿಸಿದ್ದು ತೈಲದ ಆಸೆ. ಲಾಂಗ್ ಬೀಚ್ ಹಳೆಯ ಎಣ್ಣೆಬಾವಿಗಳ ಊರು. ನೆಲದೊಳಗಿನ ಚಿತ್ರ ತೆಗೆಯಲೆಂದು ಸುಮಾರು 100 ಮೀಟರಿಗೊಂದರಂತೆ 5,000ಕ್ಕೂ ಹೆಚ್ಚು ಮಾಪಕಗಳನ್ನು ಬೀದಿಬದಿ, ಮನೆಯಂಗಳಗಳಲ್ಲಿ ಇಟ್ಟರು. ಪ್ರತಿಯೊಂದೂ ವೈರಿಲ್ಲದ, ಬ್ಯಾಟರಿಯ ಪುಟ್ಟ ಡಬ್ಬಿ. ಭೂಕಂಪದ ಅಲೆ ಒಂದೊಂದು ಡಬ್ಬಿಗೆ ತಲುಪುವ ಹೊತ್ತನ್ನು ಸರಿಹೊಂದಿಸಿ ದಾಖಲೆಗಳನ್ನು ಕೂಡಿದರೆ ಅಲೆ ಬಲಗೊಳ್ಳುತ್ತದೆ, ತಾಳತಪ್ಪಿದ ಗದ್ದಲ ಒಂದನ್ನೊಂದು ಅಳಿಸುತ್ತದೆ. ನೂರು ಮಾಪಕ ಸೇರಿದರೆ ಸ್ಪಷ್ಟತೆ ಹತ್ತು ಪಟ್ಟು. ಗೌರಿಬಿದನೂರಿನ ಗಣಿತವೂ ಇದೇ.

ಇದು ಪುಸ್ತಕದ ಮಾತು. ನಗರದ ಗದ್ದಲಕ್ಕೆ ತಾಳ ಇರುತ್ತದೆ ಎನ್ನುವುದೇ ತಕರಾರು. ಆ ಡಬ್ಬಿಗಳಲ್ಲಿ ಬ್ಲೂ ಲೈನ್ ರೈಲು ನಿಲ್ದಾಣದಿಂದ ನಿಲ್ದಾಣಕ್ಕೆ ಹೋಗುವುದು ಕಂಡಿತು. ವಿಮಾನ ರನ್‌ವೇಯಲ್ಲಿ ಓಡಿದ್ದೂ ಹೆದ್ದಾರಿಯ ವಾಹನಗಳೂ ಕಂಡವು. ಒಂದು ರೈಲು ಎಬ್ಬಿಸಿದ ಅಲೆ ಅಕ್ಕಪಕ್ಕದ ನೂರಾರು ಡಬ್ಬಿಗಳಿಗೆ ಕ್ರಮವಾಗಿಯೇ ಮುಟ್ಟುತ್ತದೆ. ಕೂಡಿದರೆ ಅದೂ ಬಲಗೊಳ್ಳುತ್ತದೆ.

ಹೀಗಾಗಿ ಜಗಳ ಬಂತು. 2016ರಲ್ಲಿ ಕ್ಯಾಲ್‌ಟೆಕ್‌ನ ತಂಡವೊಂದು ರಾತ್ರಿಯ ದಾಖಲೆಗಳನ್ನು ಜಾಲಾಡಿ, 20 ಕಿಲೋಮೀಟರಿಗೂ ಆಳದಲ್ಲಿ, ಭೂಚಿಪ್ಪಿನ ಕೆಳಗಿನ ಮ್ಯಾಂಟಲ್‌ನಲ್ಲೂ ಪುಟ್ಟ ಕಂಪನಗಳು ಧಾರಾಳವಾಗಿವೆ ಎಂದಿತು. ಅಲ್ಲಿನ ಬಂಡೆ ಬಿಸಿಗೆ ಮೆತ್ತಗಾಗಿ ಮುರಿಯದೆ ಬಾಗಬೇಕು ಎಂದು ನಂಬಿದ್ದವರಿಗೆ ಇದು ದೊಡ್ಡ ಸುದ್ದಿ. 2021ರಲ್ಲಿ ಸ್ಟಾನ್‌ಫರ್ಡ್‌ನವರು ಅದೇ ದಾಖಲೆಗಳನ್ನು ಮತ್ತೆ ತೆರೆದು, ಅಷ್ಟು ದೊಡ್ಡ ಮಾತಿಗೆ ಸಾಕ್ಷ್ಯ ಸಾಲದು ಎಂದರು. ನನಗೆ ಎರಡನೆಯವರ ಶಂಕೆಯೇ ಹಿಡಿಸುತ್ತದೆ. ಐದು ಸಾವಿರ ಕಿವಿಗಳಿದ್ದೂ ಕೇಳಿಸಿದ್ದು ಏನೆಂದು ತಿಳಿಯದಿದ್ದರೆ ಸಂಖ್ಯೆಯಿಂದ ಏನು ಬಂತು?

ಸ್ಟಾನ್‌ಫರ್ಡ್‌ನವರು ಮರುವರ್ಷ ಮಾಡಿದ ಕೆಲಸ ಇನ್ನೂ ಚೆನ್ನ. ಲಾಂಗ್ ಬೀಚಿನ ಗದ್ದಲವನ್ನೇ ಪಾಠವಾಗಿಟ್ಟು, ದೂರದ ಸ್ಯಾನ್ ಹಸಿಂಟೊದ ನಿಶ್ಶಬ್ದ ನೆಲದಲ್ಲಿ ದಾಖಲಾದ ನಿಜವಾದ ಭೂಕಂಪಗಳ ಜೊತೆ ಬೆರೆಸಿ, ಎರಡನ್ನೂ ಬೇರ್ಪಡಿಸುವುದನ್ನು ಕಂಪ್ಯೂಟರಿಗೆ ಕಲಿಸಿದರು. 2011ರ ಡಬ್ಬಿಗಳನ್ನು ಕೆಲವೇ ತಿಂಗಳಲ್ಲಿ ಕಿತ್ತುಕೊಂಡು ಹೋಗಿದ್ದರು. ತೈಲದವರಿಗೆ ಬೇಕಿದ್ದ ಚಿತ್ರ ಸಿಕ್ಕಿತ್ತು. ಅವರ ಪಾಲಿಗೆ ಕಸವಾಗಿದ್ದ ರೈಲು, ಲಾರಿಗಳ ಸದ್ದು ಈಗ ನಗರದೊಳಗಿನ ಮಾಪಕಗಳ ದಾಖಲೆಯನ್ನು ಸೋಸುವುದಕ್ಕೆ ಬಳಕೆಯಾಗುತ್ತಿದೆ.